ಚಿಲುಮೆ ವಂಕದ ಐದು ಕಣ್ಣು

ಹಿಂದೂಪುರದ ರಸ್ತೆ ಕಚೇರಿಯಲ್ಲಿ ಜಯರಾಮಪ್ಪನನ್ನು ನಿದ್ದೆ ಜಯರಾಮಪ್ಪ ಎಂದು ಕರೆಯುತ್ತಿದ್ದರು. ಕೆಲಸದ ಹೊತ್ತಿನಲ್ಲಿ ಅವನು ಒಂದು ದಿನವೂ ನಿದ್ದೆ ಮಾಡಿದವನಲ್ಲ. ಆದರೆ ನಕ್ಷೆ ಬರೆಯುತ್ತ ಬರೆಯುತ್ತ ಕೈ ತಾನಾಗಿ ನಿಂತುಬಿಡುತ್ತಿತ್ತು. ಕಣ್ಣು ಕಿಟಕಿಯಾಚೆಯ ಹುಣಿಸೆಮರದ ಮೇಲೋ, ಗೂಡ್ಸ್ ಶೆಡ್ಡಿನ ತಗಡಿನ ಮೇಲೆ ಕುಣಿಯುವ ಬಿಸಿಲಿನ ಮೇಲೋ ನೆಟ್ಟುಕೊಳ್ಳುತ್ತಿತ್ತು. ಮೂರು ಸಲ ಕರೆದರೆ ಒಂದು ಸಲ ಓಗೊಡುತ್ತಿದ್ದ. ನೇಯ್ಗೆಯವರ ಮನೆಯವನು. ಅಪ್ಪನ ಮಗ್ಗಕ್ಕೆ ಸೀರೆಯಂಚಿನ ಹೂಬಳ್ಳಿಗಳನ್ನು ಚೌಕುಳಿ ಕಾಗದದ ಮೇಲೆ ಬರೆದುಕೊಟ್ಟು ಪಳಗಿದ ಕೈ. ಆ ಕೈಯ ಪುಣ್ಯದಿಂದಲೇ ಡ್ರಾಫ್ಟ್ಸ್‌ಮನ್ ಕೆಲಸ ಸಿಕ್ಕಿತ್ತು. ವಯಸ್ಸು ಇಪ್ಪತ್ತೇಳಾಗಿತ್ತು. ತಾಯಿ ವರಲಕ್ಷ್ಮಮ್ಮ ಹೆಣ್ಣು ಹುಡುಕುತ್ತಿದ್ದಳು.

ಐವತ್ತೇಳನೇ ಇಸವಿಯ ಸಂಕ್ರಾಂತಿ ಕಳೆದು ಎರಡು ವಾರವಾಗಿರಬೇಕು. ಅಸಿಸ್ಟೆಂಟ್ ಎಂಜಿನಿಯರು ಅವನನ್ನು ಒಳಗೆ ಕರೆದು ಒಂದು ಉದ್ದನೆಯ ಪುಸ್ತಕ ಕೊಟ್ಟರು. ಕಡಲೇಕಾಯಿ ಹೇರಿಕೊಂಡ ಲಾರಿಗಳು ಈಗ ಎಲ್ಲ ದಾರಿಯಲ್ಲೂ ಓಡಾಡುತ್ತಿವೆ, ಎತ್ತಿನ ಗಾಡಿಗೆಂದು ಕಟ್ಟಿದ ಹಳೇ ಕಲ್ಲುಸೇತುವೆಗಳು ಎಷ್ಟು ದಿನ ತಡೆಯುತ್ತವೋ ಯಾರಿಗೂ ಗೊತ್ತಿಲ್ಲ, ಹಿಂದೂಪುರದಿಂದ ಕಲ್ಯಾಣದುರ್ಗ, ಕುಂದುರ್ಪಿಗಳವರೆಗೆ ಅಂಥವು ಎಷ್ಟಿವೆಯೋ ಎಲ್ಲವನ್ನೂ ಅಳೆದು ಪಟ್ಟಿ ಮಾಡು ಎಂದರು. ಪುಸ್ತಕದಲ್ಲಿ ಅಂಕಣಗಳನ್ನು ಎಳೆದಿದ್ದರು: ಊರು, ಹಳ್ಳದ ಹೆಸರು, ಕಮಾನಿನ ಕಣ್ಣುಗಳು ಎಷ್ಟು, ಕಲ್ಲು ಯಾವ ಜಾತಿಯದು, ಈಗಿನ ಸ್ಥಿತಿ. ಕೊನೆಯ ಅಂಕಣದಲ್ಲಿ ಎರಡೇ ಮಾತಿಗೆ ಜಾಗ. ಇಡುವುದು, ಇಲ್ಲವೇ ಕೆಡವುವುದು.

ಜಯರಾಮಪ್ಪ ಸೈಕಲ್ಲಿಗೆ ಅಳತೆಯ ಟೇಪು, ತೂಕದ ಗುಂಡು, ಒಂದು ಜಮಖಾನ, ಅವ್ವ ಕಟ್ಟಿಕೊಟ್ಟ ಹುರಿಹಿಟ್ಟಿನ ಗಂಟು ಎಲ್ಲವನ್ನೂ ಬಿಗಿದುಕೊಂಡು ಹೊರಟ. ಮೊದಲ ವಾರ ಸೋಮಂದೇಪಲ್ಲಿ ಕಡೆ, ಎರಡನೆಯ ವಾರ ರೊದ್ದಂ ಸುತ್ತಮುತ್ತ. ಬೆಳಗಿನ ಹೊತ್ತು ಅಳೆಯುವುದು, ಬಿಸಿಲು ನೆತ್ತಿಗೆ ಬಂದಾಗ ಅದೇ ಸೇತುವೆಯ ಕೆಳಗೆ ಮರಳಿನ ಮೇಲೆ ಜಮಖಾನ ಹಾಸಿ ಒರಗುವುದು. ಹಾಗೆ ಮಲಗಿ ಕಮಾನನ್ನು ನೋಡುತ್ತಿದ್ದರೆ ಕಲ್ಲುಗಳು ಒಂದರ ಹೆಗಲಿಗೆ ಒಂದು ಒರಗಿಕೊಂಡು ತಾವೂ ಮಧ್ಯಾಹ್ನದ ಜೊಂಪಿನಲ್ಲಿರುವಂತೆ ಕಾಣುತ್ತಿದ್ದವು. ಮೇಲೆ ಗಾಡಿ ಹೋದರೆ ಸದ್ದು ಎಲ್ಲೋ ದೂರದ ಊರಿನದೆಂಬಂತೆ ಇಳಿದು ಬರುತ್ತಿತ್ತು. ಒಂದು ಸೇತುವೆಯ ಕೆಳಗೆ ಕೆಮ್ಮಿದರೆ ಕೆಮ್ಮು ಎರಡು ಸಲ ಕೇಳುತ್ತಿತ್ತು, ಇನ್ನೊಂದರ ಕೆಳಗೆ ಮಾತೇ ಒದ್ದೆಯಾದಂತೆ ಮೆತ್ತಗಾಗುತ್ತಿತ್ತು. ಇವನ್ನೆಲ್ಲ ಬರೆಯಲು ಪುಸ್ತಕದಲ್ಲಿ ಅಂಕಣವಿರಲಿಲ್ಲ. ಅವನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡ. ‘ಗುಬ್ಬಚ್ಚಿ ಗೂಡು ನಲವತ್ತಕ್ಕೂ ಹೆಚ್ಚು.’ ‘ನೆರಳು ಬಹಳ ತಂಪು.’ ‘ಇಲ್ಲಿ ಹೊತ್ತು ಹೋದದ್ದೇ ತಿಳಿಯುವುದಿಲ್ಲ.’

ಒಂದು ತಿಂಗಳಲ್ಲಿ ಹದಿಮೂರು ಸೇತುವೆ ಮುಗಿಸಿ ಕಲ್ಯಾಣದುರ್ಗಕ್ಕೆ ಹೋದ. ಅಲ್ಲಿಂದ ಕುಂದುರ್ಪಿಯ ಹಳೇ ದಾರಿ ಹಿಡಿದ. ಕೆಂಪು ನೆಲ, ಅಲ್ಲಲ್ಲಿ ಕುರಿಮಂದೆ, ಕಡಲೇಕಾಯಿ ಕಿತ್ತು ಬರಿದಾದ ಹೊಲಗಳು. ನೆರಳೆಂಬುದೇ ಇಲ್ಲದ ಆ ದಾರಿಯಲ್ಲಿ ಇದ್ದಕ್ಕಿದ್ದಂತೆ ಎರಡು ಕಡೆಯೂ ಅರಳಿಮರಗಳು ಶುರುವಾದವು. ಮೊದಲು ಮುಂಗೈ ಗಾತ್ರದವು, ಆಮೇಲೆ ತೊಡೆ ಗಾತ್ರದವು, ಮುಂದೆ ತಬ್ಬಿದರೆ ತೋಳಿಗೆ ಸಿಗದಷ್ಟು ದೊಡ್ಡವು. ಎಲೆಗಳು ಒಟ್ಟಿಗೇ ಅಲುಗಿ ಮಳೆ ಬಂದಂತೆ ಸದ್ದು ಮಾಡುತ್ತಿದ್ದವು. ಅವನು ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ನಡೆದ. ಸಾಲು ಮುಗಿದಲ್ಲಿ ಚಿಲುಮೆ ವಂಕ ಎಂಬ ಹಳ್ಳ, ಅದರ ಮೇಲೆ ಐದು ಕಣ್ಣಿನ ಸೇತುವೆ.

ವಂಕದಲ್ಲಿ ನೀರಿರಲಿಲ್ಲ. ಹೆಂಗಸರು ನೀರಿಗೆಂದು ಮರಳಿನಲ್ಲಿ ತೋಡಿದ ಚಿಲುಮೆಗಳು ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು. ನಡುವಿನ ಕಣ್ಣಿಗೆ ಏಣಿ ಆನಿಸಿ, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದ ಐವತ್ತರ ಹೆಂಗಸೊಬ್ಬಳು ಕಲ್ಲಿನ ಸಂದಿಯಿಂದ ಏನನ್ನೋ ಕೀಳುತ್ತಿದ್ದಳು. ಕೆಳಗೆ ಅವಳ ಗಂಡ ಏಣಿ ಹಿಡಿದು ನಿಂತಿದ್ದ. ಜಯರಾಮಪ್ಪನ ಕೈಯಲ್ಲಿನ ಟೇಪನ್ನು ನೋಡಿ ಅವಳು ಏಣಿಯ ಮೇಲಿಂದಲೇ ಕೇಳಿದಳು.

“ಕೆಡವಾಕೆ ಬಂದೋನೇನಪ್ಪ ನೀನು?”

“ಅಳೆಯಾಕೆ ಬಂದಿವ್ನಿ ಕಣಮ್ಮ.”

“ಮೊದ್ಲು ಅಳೀತಾರೆ, ಆಮೇಲೆ ಕೆಡವ್ತಾರೆ,” ಎಂದು ಅವಳು ಮತ್ತೆ ಕೆಲಸಕ್ಕೆ ತಿರುಗಿದಳು.

ಅವಳ ಮಾತು ಸುಳ್ಳಾಗಿರಲಿಲ್ಲ. ವಂಕದ ತುಸು ಕೆಳಗಡೆ, ಹಳ್ಳದ ನೆಲಕ್ಕೇ ತಾಗಿದಂತೆ, ಲಾರಿಗಳಿಗೆಂದು ಹೊಸ ನೆಲಸೇತುವೆ ಕಟ್ಟುವ ಕಂಟ್ರಾಕ್ಟು ಆಗಿತ್ತು. ಕಂಟ್ರಾಕ್ಟರು ಹೋದ ತಿಂಗಳು ಬಂದು, ಹಳೆಯದರ ಕಲ್ಲೇ ಹೊಸದಕ್ಕೆ ಸಾಕಾಗುತ್ತದೆ ಎಂದು ಲೆಕ್ಕ ಹಾಕಿ, ಸೇತುವೆಯ ಅಂಚಿನ ತಡೆಗೋಡೆಯ ಕಲ್ಲುಗಳಿಗೆ ಕೆಂಪು ಬಣ್ಣದಲ್ಲಿ ಅಂಕಿ ಬರೆದು ಹೋಗಿದ್ದರು. ಪಟ್ಟಿಯಲ್ಲಿ ಕೆಡವುವುದು ಎಂದು ಬಿದ್ದರೆ ಬೇಸಿಗೆಯಲ್ಲೇ ಕೆಲಸ ಶುರು.

ಹೆಂಗಸಿನ ಹೆಸರು ಸಣ್ಣಕ್ಕ, ಗಂಡನ ಹೆಸರು ಮುನೆಪ್ಪ. ಬೇಸಾಯದ ಮನೆ, ಆರೆಕರೆ ಹೊಲ, ಒಂದು ಜೊತೆ ಎತ್ತು. ಸಣ್ಣಕ್ಕನ ಮಾವ ಗಾರೆಯ ಕೆಲಸ ಬಲ್ಲವನು. ಡಿಸ್ಟ್ರಿಕ್ಟ್ ಬೋರ್ಡಿನ ಕಾಲದಲ್ಲಿ ಪ್ರತಿ ಬೇಸಿಗೆ ಈ ಸೇತುವೆಯ ಸಂದುಗಳಿಗೆ ಗಾರೆ ತುಂಬುವುದು ಅವನ ಪಾಲಿನ ಕೆಲಸವಾಗಿತ್ತು. ಬೋರ್ಡು ಮರೆತ ಮೇಲೂ ಅವನು ಬಿಡಲಿಲ್ಲ. ಮಗನಿಗೆ ಏಣಿ ಹತ್ತಿದರೆ ತಲೆ ಸುತ್ತು, ಹಾಗಾಗಿ ವಿದ್ಯೆ ಸೊಸೆಗೆ ಬಂತು. ಹಕ್ಕಿಗಳು ಉದುರಿಸಿದ ಬೀಜದಿಂದ ಪ್ರತಿ ವರ್ಷ ಸಂದಿಗಳಲ್ಲಿ ಅರಳಿಸಸಿ ಹುಟ್ಟುತ್ತಿದ್ದವು. ಹಾಗೇ ಬಿಟ್ಟರೆ ಬೇರು ಇಳಿದು ಕಲ್ಲನ್ನೇ ಸೀಳುತ್ತದೆ, ಕಿತ್ತು ಬಿಸಾಡೋಣವೆಂದರೆ ಅರಳಿ. ಅದಕ್ಕೆ ಸಣ್ಣಕ್ಕ ಬೇರು ಮುರಿಯದ ಹಾಗೆ ಬಿಡಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ತಂದು ದಾರಿಯ ಪಕ್ಕದಲ್ಲಿ ನೆಡುತ್ತಿದ್ದಳು. ಮೂವತ್ತು ವರ್ಷದಿಂದ ನೆಡುತ್ತ ಬಂದಿದ್ದಳು. ಜಯರಾಮಪ್ಪ ನಡೆದು ಬಂದ ನೆರಳೆಲ್ಲ ಸೇತುವೆಯ ಮೈಯಿಂದ ಬಿಡಿಸಿದ್ದು.

ಅವರ ಮನೆಯ ಜಗುಲಿಯಲ್ಲಿ ಅವನು ಇಳಿದುಕೊಂಡ. ಒಂದೊಂದು ಸೇತುವೆಗೆ ಎರಡು ದಿನ ಎಂದು ಕಚೇರಿಯ ಲೆಕ್ಕ. ಅವನು ಏಳು ದಿನ ಇದ್ದುಬಿಟ್ಟ. ಐದೂ ಕಣ್ಣುಗಳನ್ನು ಕಲ್ಲು ಕಲ್ಲಾಗಿ ಬರೆದ. ಯಾವ ಕಲ್ಲಿನ ಮೇಲೆ ಕಲ್ಲುಕುಟಿಗ ಯಾವ ಗುರುತು ಕೊರೆದಿದ್ದಾನೆ, ಎಲ್ಲಿ ಗಾರೆ ಹಳೆಯದು, ಎಲ್ಲಿ ಸಣ್ಣಕ್ಕನ ಬೆರಳಿನ ಒತ್ತು ಕಾಣುತ್ತದೆ ಎಲ್ಲವೂ ಹಾಳೆಯ ಮೇಲೆ ಇಳಿಯಿತು. ಮಧ್ಯಾಹ್ನ ಸಣ್ಣಕ್ಕ ಮುದ್ದೆ, ಉಚ್ಚೆಳ್ಳು ಚಟ್ನಿ ತರುತ್ತಿದ್ದಳು. ಉಂಡು ಮರಳಿನ ಮೇಲೆ ಒರಗಿದರೆ ಅರೆಗಣ್ಣಿನಲ್ಲಿ ಕಮಾನು ಒಂದು ದೊಡ್ಡ ರೆಪ್ಪೆಯಾಗಿ ಮೆಲ್ಲಗೆ ಮುಚ್ಚಿ ತೆರೆದ ಹಾಗಾಗುತ್ತಿತ್ತು. ವಂಕದ ತುಂಬ ಗಾಳಿ ಮಾತ್ರ ಹರಿಯುತ್ತಿತ್ತು, ಒಣಗಿದ ಹುಲ್ಲಿನ ವಾಸನೆ, ಕುರಿಗಳ ವಾಸನೆ ಹೊತ್ತುಕೊಂಡು. ಇದೇ ಕೆಲಸ ಎಷ್ಟು ವರ್ಷ ಬೇಕಾದರೂ ಇರಲಿ ಅನ್ನಿಸುತ್ತಿತ್ತು.

ಐದನೆಯ ದಿನ ಕುಂದುರ್ಪಿ ಕಡೆಯ ಕೊನೆಯ ಕಣ್ಣನ್ನು ಬರೆಯುವಾಗ ಅವನಿಗೆ ಬಿರುಕು ಕಂಡಿತು. ದಡದ ಗೋಡೆಯ ಬುಡದಿಂದ ಹೊರಟು, ಕಮಾನಿನ ಹೆಗಲು ಹತ್ತಿ, ನೆತ್ತಿಗೆ ಹೋಗುವಷ್ಟರಲ್ಲಿ ಕೂದಲೆಳೆಯಾಗಿ ಸವೆದಿತ್ತು. ಬುಡದಲ್ಲಿ ಬೆರಳು ತೂರುವಷ್ಟು ಅಗಲ. ಹೊಸ ಗಾರೆ ತುಂಬಿ ಮೇಲೆ ನಯವಾಗಿ ಒರೆಸಿದ್ದರು, ಆದರೆ ಆ ಗಾರೆಯೂ ನಡುವೆ ಸೀಳಿತ್ತು. ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. ಆ ದಿನವೂ ಮಾರನೆಯ ದಿನವೂ ಅದರ ಮಾತೆತ್ತಲಿಲ್ಲ. ಬಿರುಕು ಬರೆದರೆ ಕೊನೆಯ ಅಂಕಣಕ್ಕೆ ಒಂದೇ ಮಾತು ಉಳಿಯುತ್ತಿತ್ತು. ಕೊನೆಗೆ ಏಳನೆಯ ದಿನ ಊಟ ತಂದ ಸಣ್ಣಕ್ಕನ ಎದುರಿಗೆ ಬಿರುಕಿನ ಕಡೆ ಕೈ ಮಾಡಿ ತೋರಿಸಿದ.

ಅವಳು ಬುಟ್ಟಿ ಕೆಳಗಿಟ್ಟಳು. “ಗೊತ್ತು ಕಣಪ್ಪ. ಒಂಬತ್ತು ವರ್ಸ ಆಯ್ತು. ನಾನು ತುಂಬ್ತೀನಿ, ಮಳೆ ಕಳದ್ರೆ ಮತ್ತೆ ಬಾಯಿ ಬಿಟ್ಕಂಡಿರ್ತದೆ. ನಿನ್ನ ಕಣ್ಣಿಗೆ ಬೀಳ್ದೆ ಹೋದ್ರೆ ಸಾಕು ಅಂದ್ಕಂಡಿದ್ದೆ.”

“ಬಿದ್ದ ಮೇಲೆ ಬರೀದೆ ಇರಾಕಾಗಲ್ಲ ಸಣ್ಣಕ್ಕ.”

“ಬರಿ. ನಾನೇನು ಬ್ಯಾಡ ಅಂದೆನಾ,” ಎಂದು ಅವಳು ಮುದ್ದೆಯ ತಟ್ಟೆ ಅವನ ಮುಂದೆ ಸರಿಸಿ ಬೇರೆ ಕಡೆ ನೋಡುತ್ತ ಕೂತಳು.

ಮುದ್ದೆ ಆರುವವರೆಗೂ ಜಯರಾಮಪ್ಪ ಮುಟ್ಟಲಿಲ್ಲ. ತರಬೇತಿಯಲ್ಲಿದ್ದಾಗ ಒಬ್ಬ ಮುದುಕ ಓವರ್ಸಿಯರು ಹೇಳಿಕೊಟ್ಟ ಒಂದು ಉಪಾಯ ಅವನಿಗೆ ನೆನಪಾಯಿತು. ಬಿರುಕು ಎಂದರೆ ಎರಡು ಬಗೆ. ಒಂದು ಎಂದೋ ಬಿಟ್ಟು ಅಲ್ಲಿಗೇ ನಿಂತದ್ದು, ಇನ್ನೊಂದು ಇನ್ನೂ ನಡೆಯುತ್ತಿರುವುದು. ಯಾವುದೆಂದು ತಿಳಿಯಬೇಕಾದರೆ ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಇಟ್ಟು ಎರಡು ತುದಿಗೂ ಗಾರೆ ಮೆತ್ತಬೇಕು. ಕಲ್ಲು ಕೂದಲಷ್ಟು ಸರಿದರೂ ಗಾಜು ತಡೆಯುವುದಿಲ್ಲ, ಒಡೆಯುತ್ತದೆ. ಒಂದು ಮಳೆಗಾಲ ಕಾದು ನೋಡಬೇಕು. ಇದನ್ನು ಸಣ್ಣಕ್ಕನಿಗೆ ಬಿಡಿಸಿ ಹೇಳಿದ. ಗಾಜು ಎಲ್ಲಿಂದ ತರುವುದು, ಕಲ್ಯಾಣದುರ್ಗಕ್ಕೆ ಹೋಗಿ ಬರಲೇ ಎಂದು ಯೋಚಿಸುತ್ತಿರುವಾಗ ಅವಳು ಎದ್ದು ಮನೆಗೆ ಹೋಗಿ ತಿಮ್ಮಪ್ಪನ ಪಟವನ್ನು ತಂದಳು. ದೇವರನ್ನು ಚೌಕಟ್ಟಿನಿಂದ ಬಿಡಿಸಿ, ಕಣ್ಣಿಗೊತ್ತಿಕೊಂಡು, ಮಡಿಲಲ್ಲಿಟ್ಟುಕೊಂಡು, ಗಾಜನ್ನು ಅವನ ಕೈಗೆ ಕೊಟ್ಟಳು. ದೇವರು ಗಾಜಿಲ್ಲದೆಯೂ ಇರುತ್ತಾನೆ ಎಂದಳು.

ಸಾಣೆಕಲ್ಲಿನ ಅಂಚಿನಿಂದ ಗೀರಿ ಅವನು ನಾಲ್ಕು ಪಟ್ಟಿ ಮಾಡಿದ. ಬುಡಕ್ಕೆ ಒಂದು, ನಡುವಿಗೆ ಒಂದು, ನೆತ್ತಿಯ ಹತ್ತಿರ ಒಂದು. ಉಳಿದ ನಾಲ್ಕನೆಯದನ್ನು ಸಣ್ಣಕ್ಕ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಳು. ಗಾರೆ ಮೆತ್ತಿದ್ದು ಅವಳೇ. ಅವಳ ಹೆಬ್ಬೆರಳು ಗಾಜಿನ ತುದಿಯನ್ನು ಎಳೆಗೂಸಿನ ನೆತ್ತಿಗೆ ಎಣ್ಣೆ ಒತ್ತುವ ಹಾಗೆ ಒತ್ತಿತು.

ಉಳಿದ ಐದನ್ನೂ ಅಳೆದು ಮುಗಿಸಿ, ಹಿಂದೂಪುರಕ್ಕೆ ಮರಳಿ ಅವನು ಪಟ್ಟಿ ಒಪ್ಪಿಸಿದ. ಹತ್ತೊಂಬತ್ತು ಸೇತುವೆ. ಹದಿನೆಂಟಕ್ಕೆ ಕೊನೆಯ ಅಂಕಣ ತುಂಬಿತ್ತು. ಹದಿನಾಲ್ಕನೆಯದರ ಮುಂದೆ ‘ಪರೀಕ್ಷೆಯಲ್ಲಿದೆ’ ಎಂದಿತ್ತು. ಎಂಜಿನಿಯರು ಕರಾವಳಿ ಕಡೆಯವರು, ತೆಲುಗಿನವರು, ಮಾತು ಒರಟು, ಮನಸ್ಸು ಹಾಗಲ್ಲ. ಅಂಕಣದಲ್ಲಿ ಇಲ್ಲದ ಮಾತನ್ನು ಬರೆಯಲು ನಿನಗೆ ಯಾರು ಹೇಳಿದರು ಎಂದು ಬೈದರು. ಅಂಚಿನಲ್ಲಿದ್ದ ಗುಬ್ಬಚ್ಚಿ ಗೂಡು, ತಂಪು ನೆರಳು ಎಲ್ಲವನ್ನೂ ಓದಿ ಇನ್ನಷ್ಟು ಬೈದರು. ಆದರೆ ಐದು ಕಣ್ಣಿನ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದರು. ಕಡೆಗೆ, ಕಂಟ್ರಾಕ್ಟರಿಗೆ ಹೇಗೂ ನೆಲಸೇತುವೆಯ ತಳಪಾಯವನ್ನೇ ತೋಡಲು ಮಳೆಗಾಲ ಕಳೆಯಬೇಕು, ದೀಪಾವಳಿವರೆಗೆ ಬಿಟ್ಟಿರುತ್ತೇನೆ ಎಂದರು.

ಬೇಸಿಗೆ ಕಳೆಯಿತು. ಅವ್ವ ಹೆಣ್ಣು ಗೊತ್ತು ಮಾಡಿದಳು. ನೇಯ್ಗೆಯವರದೇ ಮನೆ, ಹುಡುಗಿಯ ಹೆಸರು ಗಂಗಾದೇವಿ. ನೋಡಲು ಹೋದಾಗ ಜಯರಾಮಪ್ಪನಿಗೆ ಹುಡುಗಿಯ ಮುಖಕ್ಕಿಂತ ಅವರ ಮನೆಯ ಬಾಗಿಲವಾಡದ ಮೇಲಿನ ಕಲ್ಲಿನ ಕಮಾನೇ ಮೊದಲು ಕಣ್ಣಿಗೆ ಬಿದ್ದಿತಂತೆ. ಹುಡುಗಿ ಅದನ್ನು ಗಮನಿಸಿ ಒಳಗೆ ಹೋಗಿ ನಕ್ಕಳಂತೆ. ಮುಂದಿನ ವೈಶಾಖಕ್ಕೆ ಮದುವೆ ಎಂದಾಯಿತು. ಶ್ರಾವಣದಲ್ಲಿ ಮೋಡ ಬರುವುದು, ಹೋಗುವುದು. ಕಚೇರಿಯಲ್ಲಿ ಕೂತವನಿಗೆ ಗಾಳಿ ಬೀಸಿದಾಗಲೆಲ್ಲ ಮೈ ತಂಪಾಗಿ, ತಾನು ಆ ಕೊನೆಯ ಕಣ್ಣಿನ ಕೆಳಗೇ ಇದ್ದೇನೆ ಅನ್ನಿಸುತ್ತಿತ್ತು. ಊರೂರಿನ ಹಳ್ಳಗಳೆಲ್ಲ ಸದ್ದಿಲ್ಲದೆ ಬಂದು ತನ್ನ ಕುರ್ಚಿಯ ಕೆಳಗೆ ಹರಿದು ಹೋದಂತೆ, ತಾನು ಅವುಗಳ ಮೇಲೆ ಕಾಲು ಚಾಚಿ ಕೂತ ಕಲ್ಲಾದಂತೆ ಕನಸು. ಪಕ್ಕದ ಮೇಜಿನವನು ಮೂರು ಸಲ ಕರೆದು ಎಬ್ಬಿಸುತ್ತಿದ್ದ.

ಆಶ್ವೀಜದಲ್ಲಿ ಮಳೆ ಬಂತು. ಮೂರು ದಿನ ಬಿಡದೆ ಹೊಡೆಯಿತು. ಕಲ್ಯಾಣದುರ್ಗದ ಕಡೆಯಿಂದ ಬಂದ ಬಸ್ಸಿನವರು ಚಿಲುಮೆ ವಂಕ ದಡ ಮೀರಿದೆ, ಸೇತುವೆಯ ಮೇಲೆ ಮೊಳಕಾಲುದ್ದ ನೀರು ಹರಿದಿದೆ ಎಂದರು. ಜಯರಾಮಪ್ಪ ರಜೆಯ ಚೀಟಿ ಬರೆದಿಟ್ಟು ಹೊರಟ. ಕಲ್ಯಾಣದುರ್ಗದವರೆಗೆ ಬಸ್ಸು, ಅಲ್ಲಿಂದ ಮುಂದೆ ದಾರಿ ಕೊಚ್ಚಿಹೋಗಿತ್ತು. ನಡೆದ. ಬಯಲೆಲ್ಲ ಕನ್ನಡಿಯಾಗಿತ್ತು, ಮೋಡಗಳು ಕಾಲಿನ ಕೆಳಗೆ ತೇಲುತ್ತಿದ್ದವು, ಕಡಲೇಕಾಯಿ ಹೊಲಗಳ ಬದುಗಳು ಮಾತ್ರ ಹಸುರು ಗೆರೆಗಳಾಗಿ ನೀರಿನಿಂದ ಮೇಲೆದ್ದಿದ್ದವು. ತಾನು ನೆಲದ ಮೇಲೆ ನಡೆಯುತ್ತಿದ್ದೇನೋ ಆಕಾಶದ ಮೇಲೋ ಎಂದು ಅವನಿಗೆ ಮಂಕು ಕವಿದಂತಾಗಿತ್ತು.

ಸೇತುವೆ ನಿಂತಿತ್ತು. ನೀರು ಇಳಿದು ಕೆಂಪಗೆ, ಸೊಂಟದಾಳ, ಐದೂ ಕಣ್ಣುಗಳಲ್ಲಿ ಗೊಣಗುತ್ತ ಹೋಗುತ್ತಿತ್ತು. ಸಣ್ಣಕ್ಕ ಕೊನೆಯ ಕಣ್ಣಿನ ಪಕ್ಕದ ದಡದಲ್ಲಿ ಕಲ್ಲಿನ ಮೇಲೆ ಕೂತಿದ್ದಳು. ಅವನನ್ನು ಕಂಡು ಏಳಲಿಲ್ಲ.

“ಬುಡದ್ದು ಒಡೆದೋಯ್ತು ಕಣಪ್ಪ,” ಎಂದಳು. “ನಿನ್ನೆ ನೀರು ಇಳಿದಾಗ ನೋಡ್ದೆ.”

ಮೇಲಿನ ಎರಡು? ಅವು ಹಾಗೇ ಇದ್ದವು. ಅವನು ಬಗ್ಗಿ ನೋಡಿದ. ನಡುವಿನ ಗಾಜಿನ ಮೇಲೆ ಕೆಸರಿನ ಚುಕ್ಕೆ, ನೆತ್ತಿಯದು ಶುಭ್ರ. ನೀರಿನಂಚಿನಲ್ಲಿದ್ದ ಬುಡದ್ದು ಸರಿಯಾಗಿ ಬಿರುಕಿನ ಗೆರೆಯ ಮೇಲೇ ಎರಡು ತುಂಡಾಗಿತ್ತು. ಅವಳ ಮುಷ್ಟಿ ಮುಚ್ಚಿತ್ತು. ಅದನ್ನು ಬಿಚ್ಚಿ ತೋರಿಸಿದಳು. ಬಟ್ಟೆಯಲ್ಲಿ ಸುತ್ತಿಟ್ಟಿದ್ದ ನಾಲ್ಕನೆಯ ಗಾಜು.

“ಅಂಟಿಸ್ಬುಡಾನ ಅಂತ ತಂದಿದ್ದೆ. ಗಾರೆ ಕಲಸ್ಕಂಡೇ ಬಂದಿದ್ದೆ. ಅಂಟಿಸಿದ್ರೆ ನಿಂಗೆ ಗೊತ್ತಾಯ್ತಿರ್ಲಿಲ್ಲ.”

“ಯಾಕೆ ಅಂಟಿಸ್ಲಿಲ್ಲ?”

“ಇದ್ರ ಮೇಲೆ ಕುರಿ ಹೊಡ್ಕಂಡು ಬರೋರು ನಮ್ಮೋರೇ ಅಲ್ವಾ,” ಎಂದಳು. ಆಮೇಲೆ, “ಹೋಗ್ಲಿ, ಬರ್ಕೋ. ಸೇತುವೆ ಹೋದ್ರೆ ಹೋಯ್ತದೆ,” ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

ಜಯರಾಮಪ್ಪ ಬರೆಯಲಿಲ್ಲ. ಪಂಚೆ ಎತ್ತಿ ಕಟ್ಟಿ ನೀರಿಗಿಳಿದ. ಮುನೆಪ್ಪ ಬಿದಿರಿನ ಗಳು ತಂದುಕೊಟ್ಟು, ಅವನ ಸೊಂಟಕ್ಕೆ ಹಗ್ಗ ಬಿಗಿದು ದಡದಲ್ಲಿ ಹಿಡಿದು ನಿಂತ. ಬುಡದ ಗಾಜು ಮಾತ್ರ ಒಡೆದು ಮೇಲಿನವು ಉಳಿದದ್ದು ಏಕೆ ಎಂಬುದೇ ಅವನ ತಲೆಯಲ್ಲಿ ಸುತ್ತುತ್ತಿತ್ತು. ಕಮಾನು ಸೋತಿದ್ದರೆ ನೆತ್ತಿಯ ಗಾಜು ಮೊದಲು ಒಡೆಯಬೇಕಿತ್ತು. ದಡದ ಗೋಡೆಯ ಉದ್ದಕ್ಕೂ ಗಳು ಚುಚ್ಚುತ್ತ ಹೋದ. ಎಲ್ಲ ಕಡೆಯೂ ಕಲ್ಲು ತಗಲಿತು. ಬಿರುಕಿನ ಕೆಳಗೆ ಮಾತ್ರ ಗಳು ತಡೆಯಿಲ್ಲದೆ ಒಳಗೆ ನುಗ್ಗಿ ಎರಡು ಮೊಳ ಹೋಯಿತು. ತಳದ ಕಲ್ಲಿನ ಅಡಿಯಲ್ಲಿ ನೀರು ಮರಳನ್ನು ಕೊರೆದು ಗುಹೆ ಮಾಡಿತ್ತು. ಒಂಬತ್ತು ವರ್ಷದಿಂದ ಸಣ್ಣಕ್ಕ ಗೋಡೆಗೆ ಗಾರೆ ತುಂಬುತ್ತಿದ್ದಳು, ಖಾಲಿಯಾಗುತ್ತಿದ್ದದ್ದು ನೆಲ. ಸೇತುವೆಯ ಮೈಗೆ ಏನೂ ಆಗಿರಲಿಲ್ಲ. ಒಂದು ಪಾದದ ಕೆಳಗೆ ಮಣ್ಣು ಸರಿದಿತ್ತು, ಅಷ್ಟೆ. ಅವಳು ನಾಲ್ಕನೆಯ ಗಾಜನ್ನು ಅಂಟಿಸಿಬಿಟ್ಟಿದ್ದರೆ ಆ ಗುಹೆಯನ್ನು ಯಾರೂ ಹುಡುಕುತ್ತಿರಲಿಲ್ಲ. ಇನ್ನೆರಡು ಮಳೆಗೆ ಆ ಕಣ್ಣು ಕುಸಿದು, ಅದರ ಹಿಂದೆ ಉಳಿದವೂ ಹೋಗುತ್ತಿದ್ದವು.

ದಡಕ್ಕೆ ಬಂದು ನಡುಗುತ್ತ ಇದನ್ನು ಹೇಳಿದ. ಸಣ್ಣಕ್ಕ ಮತ್ತೆ ಮತ್ತೆ ಕೇಳಿ ಹೇಳಿಸಿಕೊಂಡಳು. ಮುನೆಪ್ಪ ತನ್ನ ಕಂಬಳಿಯನ್ನು ಬಿಚ್ಚಿ ಅವನಿಗೆ ಹೊದಿಸಿದ.

ದೀಪಾವಳಿ ಕಳೆದ ಎರಡನೆಯ ದಿನ ಎಂಜಿನಿಯರು ಜೀಪಿನಲ್ಲಿ ಬಂದರು. ಒಡೆದ ಗಾಜನ್ನೂ ಒಡೆಯದ ಗಾಜುಗಳನ್ನೂ ನೋಡಿದರು, ತಾವೇ ಗಳು ಹಿಡಿದು ಚುಚ್ಚಿದರು. ಜಯರಾಮಪ್ಪನ ಸಲಹೆ ಇಷ್ಟು: ಗುಹೆಯನ್ನು ಗುಂಡುಕಲ್ಲಿನಿಂದ ಬಿಗಿಯುವುದು, ಕೊನೆಯ ಕಣ್ಣಿನ ಒಳಗೆ ಗೋಡೆ ಎಬ್ಬಿಸಿ ಅದನ್ನು ಮುಚ್ಚಿಬಿಡುವುದು, ವರ್ಷವರ್ಷದ ನೀರಿಗೆ ನಾಲ್ಕು ಕಣ್ಣು ಸಾಕು, ಇಂಥ ನೆರೆ ಬಂದರೆ ಈ ಸಲದಂತೆ ಮೇಲೆ ಹರಿದು ಹೋಗಲಿ, ಲಾರಿಗಳು ಕೆಳಗಿನ ಹೊಸ ನೆಲಸೇತುವೆಯ ಮೇಲೆ ಹೋಗಲಿ, ಜನ, ಗಾಡಿ, ಕುರಿ ಇದರ ಮೇಲೆ. ಎಂಜಿನಿಯರು ಎಲ್ಲ ಕೇಳಿ ಆಗದೆಂದು ತಲೆಯಾಡಿಸಿದರು. “ಸಿಮೆಂಟು ಲೇದಯ್ಯಾ, ಒಕ್ಕ ಮೂಟ ಕೂಡ ಲೇದು,” ಎಂದರು. ಇದಕ್ಕೆ ಕೊಡಲು ಒಂದು ಮೂಟೆ ಸಿಮೆಂಟೂ ಇರಲಿಲ್ಲ. ಆ ದಿನಗಳಲ್ಲಿ ಸಿಮೆಂಟಿಗೆ ಪರ್ಮಿಟ್ಟು ಬೇಕಿತ್ತು. ಬಂದ ಅಷ್ಟಿಷ್ಟೂ ನೆಲಸೇತುವೆಗೇ ಸಾಲುತ್ತಿರಲಿಲ್ಲ.

ಆಗ ಸಣ್ಣಕ್ಕ ಮುಂದೆ ಬಂದು, ಅವರದೇ ತೆಲುಗಿನಲ್ಲಿ, ಈ ಸೇತುವೆ ಕಟ್ಟಿದಾಗ ಸಿಮೆಂಟು ಎಲ್ಲಿತ್ತು ಸಾಮಿ ಎಂದು ವಿನಯವಾಗಿಯೇ ಕೇಳಿದಳು. ಸುಣ್ಣದ ಕಲ್ಲು ಗುಡ್ಡದಲ್ಲಿದೆ, ಮರಳು ಕಾಲ ಕೆಳಗಿದೆ, ಗಾರೆ ಅರೆಯುವ ಗಾಣ ನಮ್ಮ ಹಿತ್ತಿಲಲ್ಲಿದೆ, ಎತ್ತುಗಳಿವೆ, ಕೈಗಳಿವೆ ಎಂದಳು. ಎಂಜಿನಿಯರು ಅವಳ ಗಾರೆಯ ಹಳೇ ತುಣುಕೊಂದನ್ನು ಎತ್ತಿಕೊಂಡು ಸುತ್ತಿಗೆಯಿಂದ ಹೊಡೆದರು. ಎರಡನೆಯ ಏಟಿಗೂ ಅದು ಒಡೆಯಲಿಲ್ಲ. ಜೀಪು ಹತ್ತುವ ಮುಂಚೆ “ಸರೇ, ಕಾನೀಯಿ” ಎಂದರು. ಆಗಲಿ, ನಡೆಸು ಎಂದರ್ಥ. ಕಂಟ್ರಾಕ್ಟರಿಗೆ ಗುಡ್ಡದ ಕಲ್ಲು ಒಡೆಸಿಕೊಳ್ಳಲು ಹೇಳಿಕಳಿಸಿದರು.

ಎರಡು ತಿಂಗಳ ಕೆಲಸ. ಜಯರಾಮಪ್ಪನನ್ನು ಅಲ್ಲಿಯೇ ನೇಮಿಸಿದರು. ಮುನೆಪ್ಪ ಬೆಳಗಿನಿಂದ ಸಂಜೆವರೆಗೆ ಎತ್ತುಗಳ ಹಿಂದೆ ಸುತ್ತುತ್ತಿದ್ದ. ಗಾಣದ ದುಂಡನೆಯ ಕಾಲುವೆಯಲ್ಲಿ ಕಲ್ಲಿನ ಚಕ್ರ ಉರುಳುತ್ತ ಸುಣ್ಣ, ಮರಳುಗಳನ್ನು ಬೆಣ್ಣೆ ಮಾಡುತ್ತಿತ್ತು. ಸಣ್ಣಕ್ಕ ಅದಕ್ಕೆ ಬೆಲ್ಲದ ನೀರು, ಅಳಲೆಕಾಯಿಯ ರಸ ಹದ ನೋಡಿ ಹೊಯ್ಯುತ್ತಿದ್ದಳು. ಊರಿನವರು ಕಲ್ಲು ಹೊತ್ತರು. ಆ ಚಕ್ರದ ಸದ್ದು ಊರಿನ ಉಸಿರಾಗಿಬಿಟ್ಟಿತ್ತು, ನಿಂತಾಗ ಮಾತ್ರ ಕೇಳಿಸುವಂಥದು. ಮಂಜಿನ ಬೆಳಗುಗಳಲ್ಲಿ ಸೇತುವೆಯ ಕಾಲುಗಳು ಕಾಣುತ್ತಿರಲಿಲ್ಲ, ಮೇಲಿನ ತಡೆಗೋಡೆ ಮಾತ್ರ ಬಿಳುಪಿನಲ್ಲಿ ತೇಲುತ್ತಿತ್ತು, ಅದರ ಮೇಲೆ ಕುರಿಗಳು ಒಂದೊಂದಾಗಿ ಹುಟ್ಟಿ ಬಂದಂತೆ ಬರುತ್ತಿದ್ದವು. ಕೊನೆಯ ಕಣ್ಣು ಸಾಲು ಸಾಲಾಗಿ ಮುಚ್ಚುತ್ತ ಬಂತು. ಕಡೆಯ ಕಲ್ಲು ಇಡುವ ಮುಂಚೆ ಸಣ್ಣಕ್ಕ ಒಳಗಿನ ಕತ್ತಲೆಯನ್ನು ಒಂದು ಸಲ ಇಣುಕಿ ನೋಡಿ, ಗಾರೆ ಬಳಿದಳು.

ಸಂಕ್ರಾಂತಿಯ ಹೊತ್ತಿಗೆ ಹದಿನಾಲ್ಕನೆಯ ಸಾಲಿನ ಮುಂದೆ ‘ಇಡುವುದು’ ಎಂದು ಬಿತ್ತು. ಪಟ್ಟಿಯ ಹತ್ತೊಂಬತ್ತರಲ್ಲಿ ಹನ್ನೆರಡು ಉಳಿದವು. ಏಳರ ಮುಂದೆ ಇನ್ನೊಂದು ಮಾತಿತ್ತು. ಆ ಏಳರಲ್ಲೂ ಬರೆದದ್ದು ಅವನದೇ ಕೈ. ಲಾರಿಯ ಭಾರಕ್ಕೆ ಅವು ನಿಲ್ಲುವಂತಿರಲಿಲ್ಲ, ಪಕ್ಕದಲ್ಲಿ ಬೇರೆ ದಾರಿಗೆ ಜಾಗವೂ ಇರಲಿಲ್ಲ.

ವೈಶಾಖದಲ್ಲಿ ಮದುವೆ. ಸಣ್ಣಕ್ಕ, ಮುನೆಪ್ಪ ಇಬ್ಬರನ್ನೂ ಕರೆದುಕೊಂಡು ಹೋಗಲು ಅವನೇ ಬಂದ. ಮದುಮಗ ಹೀಗೆ ಊರೂರು ಅಲೆಯಬಾರದು ಎಂದು ಅವ್ವ ಹೇಳಿದ್ದನ್ನು ಕೇಳದೆ ಬಂದಿದ್ದ. ಸಣ್ಣಕ್ಕ ಕಲ್ಯಾಣದುರ್ಗ ದಾಟಿದವಳಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಸೇತುವೆ ಬಂದಾಗಲೆಲ್ಲ ಇದಕ್ಕೆಷ್ಟು ಕಣ್ಣು, ಇದರ ಹಳ್ಳದ ಹೆಸರೇನು, ಇದಕ್ಕೆ ಗಾರೆ ಮಾಡೋರು ಯಾರು ಎಂದು ಕೇಳುತ್ತಿದ್ದಳು. ಅವನು ಒಂದೊಂದನ್ನೂ ಹೇಳುತ್ತ ಬಂದ. ಇದರ ಕೆಳಗೆ ಗುಬ್ಬಚ್ಚಿಗಳು. ಇದರ ಕೆಳಗೆ ಕೆಮ್ಮಿದರೆ ಎರಡು ಸಲ ಕೇಳುತ್ತದೆ. ಅವಳು ತಲೆ ಹೊರಗೆ ಹಾಕಿ ಹಿಂದಕ್ಕೆ ನೋಡುತ್ತಿದ್ದಳು. ನೆಂಟರ ಮನೆಗಳನ್ನು ದಾಟಿ ಹೋಗುತ್ತಿರುವವಳ ಮುಖವಿತ್ತು ಅವಳದು.

ರೊದ್ದಂ ದಾಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಬಿಸಿಗಾಳಿ, ಬಸ್ಸಿನ ತೂಗು. ಮುನೆಪ್ಪ ಎದುರಿನ ಸೀಟಿಗೆ ಹಣೆ ಆನಿಸಿ ಜೊಂಪಿಗೆ ಹೋಗಿದ್ದ. ಮುಂದಿನ ಹಳ್ಳದ ಮೇಲಿನ ಮೂರು ಕಣ್ಣಿನದು ಆ ಏಳರಲ್ಲಿ ಒಂದು. ಮುಂದಿನ ತಿಂಗಳು ಅದನ್ನು ಕೆಡವುವವರು ಬರುತ್ತಿದ್ದರು. ಅದನ್ನು ಹೇಗೆ ಹೇಳುವುದು ಎಂದು ಜಯರಾಮಪ್ಪ ಎರಡು ಮೈಲಿ ಹಿಂದಿನಿಂದಲೇ ಮಾತು ಜೋಡಿಸಿಕೊಳ್ಳುತ್ತಿದ್ದ. ತಿರುಗಿ ನೋಡಿದರೆ ಸಣ್ಣಕ್ಕನೂ ಕಿಟಕಿಯ ಸರಳಿಗೆ ಕೆನ್ನೆ ಒತ್ತಿ ನಿದ್ದೆ ಹೋಗಿದ್ದಳು. ಬಸ್ಸು ನಿಧಾನಕ್ಕೆ ಇಳಿಜಾರು ಇಳಿದು, ಸೇತುವೆ ಹತ್ತಿ, ಅದರ ಮೇಲೆ ಗುಡುಗುಡು ಸದ್ದು ಮಾಡುತ್ತ ಆಚೆ ದಡ ಸೇರಿತು. ಅವನು ಅವಳನ್ನು ಎಬ್ಬಿಸಲಿಲ್ಲ.